ಅಜ್ಜನ ಚಿತ್ರ: ಮನೆಯ ಹಿರಿಯರು ತೀರಿಕೊಂಡಾಗ ಚಿಕ್ಕ ಮಗುವಿನೊಡನೆ ಬಣ್ಣ ಹಚ್ಚುವುದು

ಅಭ್ಯಾಸ ಬೋಧನೆಗೆ ಹೋದ ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಆರು, ಏಳು, ಎಂಟನೆಯ ತರಗತಿ. ಆದರೆ ಹಳ್ಳಿಯ ಶಾಲೆಯಲ್ಲಿ ಒಬ್ಬ ಗುರುಗಳು ತರಬೇತಿಗೋ ಬಿಇಒ ಕಚೇರಿಗೋ ಹೋದರೆ ನಲಿ-ಕಲಿ ಕೋಣೆಯನ್ನು ನೋಡಿಕೊಳ್ಳುವವರು ನಾವೇ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ಕುಳಿತಿರುತ್ತಾರೆ. ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಪಕ್ಕದ ಮಗು "ಅವರ ಆಯಿ ಸತ್ತಾಳ್ರೀ" ಎಂದು ಹೇಳಿ ತನ್ನ ಕಾರ್ಡಿನ ಕೆಲಸಕ್ಕೆ ಮರಳುತ್ತದೆ. ನಾಲ್ಕಾರು ದಿನ ಕಳೆದು ಆ ಮಗು ಬರುತ್ತದೆ. ನಮ್ಮ ಪಾಠ ಯೋಜನೆಯ ಯಾವ ಕಾಲಮ್ಮಿನಲ್ಲೂ ಆ ಮಗುವಿಗೆಂದು ಜಾಗ ಇರುವುದಿಲ್ಲ.

ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಅಜ್ಜ-ಅಜ್ಜಿಯ ಸಾವು ಚಿಕ್ಕ ಮಗುವಿಗೆ ಚಿಕ್ಕ ಸಂಗತಿಯಲ್ಲ. ಮಳೆ ಕೈಕೊಟ್ಟ ವರ್ಷ ತಂದೆ-ತಾಯಿ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ದುಡಿಯಲು ಹೋಗುವ ಮನೆಗಳು ಇಲ್ಲಿ ಕಡಿಮೆಯಿಲ್ಲ. ಆಗ ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದು, ರೊಟ್ಟಿ ಮುರಿದು ತಿನ್ನಿಸುವುದು, ಶಾಲೆಯ ಗೇಟಿನವರೆಗೆ ಕೈಹಿಡಿದು ತರುವುದು ಎಲ್ಲ ಹಿರಿಯರದೇ ಕೆಲಸ. ಹಾಗಿರುವಾಗ ಮಗು ಕಳೆದುಕೊಳ್ಳುವುದು ತನ್ನ ಇಡೀ ದಿನಚರಿಯನ್ನು. ದೊಡ್ಡವರು ಅತ್ತು, ಬಂದವರೊಡನೆ ಮಾತಾಡಿ ಹಗುರಾಗುತ್ತಾರೆ. ಆರು ವರ್ಷದ ಮಗುವಿಗೆ ಅಷ್ಟು ಮಾತು ಇರುವುದಿಲ್ಲ. ಅದರ ಕೈಗೆ ಕುಂಚ ಕೊಟ್ಟು ಪಕ್ಕದಲ್ಲಿ ಕುಳಿತರೆ ಏನಾಗುತ್ತದೆ, ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ನಾನು ಓದಿದ್ದರಿಂದಲೂ ಎರಡು ಶಾಲೆಗಳಲ್ಲಿ ಕಂಡದ್ದರಿಂದಲೂ ಇಲ್ಲಿ ವಿವರಿಸುತ್ತೇನೆ. ಬಿ.ಇಡಿ. ಪಠ್ಯದಲ್ಲಿ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ಭಾಗವಿದೆ. ಫೈಲು ತುಂಬಿಸಿ ಸಹಿ ಹಾಕಿಸಿಕೊಳ್ಳುವುದಕ್ಕಿಂತ ಹೆಚ್ಚಿನ ಉಪಯೋಗ ಅದಕ್ಕಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಮಗುವಿಗೆ ಸಾವು ಎಷ್ಟರ ಮಟ್ಟಿಗೆ ತಿಳಿಯುತ್ತದೆ ಎಂಬುದನ್ನು ನೋಡಬೇಕು. ಹಂಗೇರಿಯ ಮನೋವಿಜ್ಞಾನಿ ಮಾರಿಯಾ ನಾಗಿ ಬುಡಾಪೆಸ್ಟ್ ನಗರದ 3ರಿಂದ 10 ವರ್ಷದ 378 ಮಕ್ಕಳನ್ನು ಮಾತಾಡಿಸಿ, ಚಿತ್ರ ಬರೆಯಿಸಿ 1948ರಲ್ಲಿ ಒಂದು ಲೇಖನ ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ನಿದ್ದೆಯಂತೆ, ಊರಿಗೆ ಹೋದಂತೆ ತಿಳಿಯುತ್ತಾರೆ, ಅಂದರೆ ಹೋದವರು ಮರಳಿ ಬರಬಹುದು. ಐದರಿಂದ ಒಂಬತ್ತರ ನಡುವಿನ ಮಕ್ಕಳು ಅದನ್ನು ಒಬ್ಬ ವ್ಯಕ್ತಿಯೆಂಬಂತೆ ಕಲ್ಪಿಸಿಕೊಳ್ಳುತ್ತಾರೆ. ಒಂಬತ್ತರ ನಂತರವೇ ಅದು ಎಲ್ಲರಿಗೂ ಬರುವ ದೇಹದ ಅಂತ್ಯ ಎಂಬುದು ತಿಳಿಯುತ್ತದೆ. ಇದು ಅವರ ತೀರ್ಮಾನ. ಆಮೇಲೆ ಬಂದ ಸಂಶೋಧಕರು ಈ ತಿಳಿವಳಿಕೆಯನ್ನು ಬಿಡಿಬಿಡಿಯಾಗಿ ನೋಡಿದರು. 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಅದಕ್ಕೆ ಮೂರು ಅಂಗಗಳಿವೆ ಎಂದರು. ಸತ್ತವರು ಮರಳಿ ಬರುವುದಿಲ್ಲ. ಸತ್ತ ದೇಹದಲ್ಲಿ ಉಸಿರು, ಹಸಿವು, ನೋವು ಯಾವುದೂ ನಡೆಯುವುದಿಲ್ಲ. ಜೀವವಿರುವ ಎಲ್ಲವೂ ಒಂದು ದಿನ ಸಾಯುತ್ತದೆ. ಐದರಿಂದ ಏಳು ವರ್ಷದೊಳಗೆ ಬಹುಪಾಲು ಮಕ್ಕಳು ಇವನ್ನು ಹಿಡಿಯುತ್ತಾರೆ ಎಂಬುದು ಅವರ ಮಾತು. ನಮ್ಮ ಹಳ್ಳಿಯ ಮಕ್ಕಳು ಸತ್ತ ಕರುವನ್ನೂ ಕೋಳಿಯನ್ನೂ ಕಂಡವರು. ಇನ್ನೂ ಬೇಗ ತಿಳಿದುಕೊಳ್ಳುತ್ತಾರೇನೋ. ಆದರೆ ಮೂರೂ ಒಟ್ಟಿಗೆ ತಿಳಿಯುವುದಿಲ್ಲ ಎಂಬುದನ್ನು ನಾವು ನೆನಪಿಡಬೇಕು. ಅಜ್ಜ ಬರುವುದಿಲ್ಲ ಎಂದು ಗೊತ್ತಿರುವ ಮಗುವಿಗೆ ಅಜ್ಜನಿಗೆ ಈಗ ಹಸಿವೆಯಾಗುವುದಿಲ್ಲ ಎಂಬುದು ಗೊತ್ತಿರಲಿಕ್ಕಿಲ್ಲ.

ಇದು ಪುಸ್ತಕದಲ್ಲಿ ಒಂದು ಸಾಲು. ಕೋಣೆಯಲ್ಲಿ ಅದು ಹೇಗಿರುತ್ತದೆ ಎಂಬುದನ್ನು ನಾನು ಎರಡನೆಯ ತರಗತಿಯ ಒಬ್ಬ ಹುಡುಗಿಯಲ್ಲಿ ಕಂಡೆ. ಅವಳ ಅಜ್ಜ ತೀರಿಕೊಂಡು ಎರಡು ವಾರವಾಗಿತ್ತು. ಲಿಂಗಾಯತರ ಮನೆ. ರೂಢಿಯಂತೆ ಅವರ ಹೊಲದಲ್ಲೇ ಕುಣಿ ತೆಗೆದು, ಅಜ್ಜನನ್ನು ಕುಳ್ಳಿರಿಸಿ ಮಣ್ಣು ಮಾಡಿದ್ದರು. ಅವಳು ದೂರದಿಂದ ಎಲ್ಲವನ್ನೂ ನೋಡಿದ್ದಳು. ಶಾಲೆಗೆ ಬಂದ ಮೇಲೆ ಊಟ ಬಿಟ್ಟಿರಲಿಲ್ಲ, ಅಳುತ್ತಲೂ ಇರಲಿಲ್ಲ. ಆದರೆ ಕೈಗೆ ಸಿಕ್ಕ ಹಾಳೆಯಲ್ಲೆಲ್ಲ ಒಂದೇ ಚಿತ್ರ ಬರೆಯುತ್ತಿದ್ದಳು. ಅಡ್ಡ ಒಂದು ಗೆರೆ. ಗೆರೆಯ ಕೆಳಗೆ ಒಂದು ಡಬ್ಬಿ. ಡಬ್ಬಿಯೊಳಗೆ ರುಮಾಲು ಸುತ್ತಿ ಕುಳಿತ ಅಜ್ಜ. ಅಜ್ಜನ ಬಾಯಿಯಿಂದ ಹೊರಟು ಗೆರೆ ದಾಟಿ ಮೇಲೆ ಬರುವ ಉದ್ದನೆಯ ಒಂದು ಕೊಳವೆ. ಪಕ್ಕದ ಮಕ್ಕಳು ಅದನ್ನು ನೋಡಿ ಬೋರ್‌ವೆಲ್ ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಬಣ್ಣದ ಬಟ್ಟಲು ಇಟ್ಟುಕೊಂಡು ಅವಳ ಪಕ್ಕ ಕುಳಿತೆ. ನಾನೂ ಒಂದು ಹಾಳೆಯಲ್ಲಿ ನಮ್ಮ ಮನೆಯ ದನದ ಕೊಟ್ಟಿಗೆ ಬರೆಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ: "ಇದು ಏನು ಹೇಳವಾ?"

"ಪೈಪ್ರೀ ಅಕ್ಕೋರ."

"ಯಾತಕ್ಕ ಹಾಕೀದಿ?"

"ಅಜ್ಜಗ ಉಸರ ಕಟ್ಟತೈತಿ ಅಲ್ರೀ. ಮ್ಯಾಲೆ ಭಾಳ ಮಣ್ಣ ಹಾಕ್ಯಾರ."

ಎರಡು ವಾರ ಆ ಹುಡುಗಿ ಹೊತ್ತುಕೊಂಡು ತಿರುಗಿದ್ದು ಇದನ್ನು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅಜ್ಜ ಸತ್ತಿದ್ದಾನೆ, ಬರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಉಸಿರು ನಿಂತಿದೆ ಎಂಬುದು ಗೊತ್ತಿರಲಿಲ್ಲ. ಸ್ಪೀಸ್ ಮತ್ತು ಬ್ರೆಂಟ್ ಹೇಳಿದ ಎರಡನೆಯ ಅಂಗ ಇದೇ. ವಿಜ್ಞಾನ ಓದಿದವರಾಗಿ ಇಲ್ಲಿ ನಾವು ಕೊಡಬಹುದಾದ ಉತ್ತರ ಸರಳ. ನಾನು ಹೇಳಿದ್ದು ಇಷ್ಟು: "ನಿಮ್ಮ ಅಜ್ಜಾರು ಸತ್ತಾರಲ್ಲವಾ, ಸತ್ತ ಮ್ಯಾಲೆ ಮೈ ಕೆಲಸ ಮಾಡೂದು ನಿಂದರತೈತಿ. ಉಸರಾಡೂದಿಲ್ಲ. ಉಸರು ಬೇಕಾಗೂದೂ ಇಲ್ಲ, ಅದಕ್ಕ ಕಟ್ಟೂದೂ ಇಲ್ಲ. ನೋವು ಆಗೂದಿಲ್ಲ, ಹಸಿವು ಆಗೂದಿಲ್ಲ, ಕತ್ತಲಂತ ಅಂಜಿಕೀನೂ ಆಗೂದಿಲ್ಲ."

ಅವಳು ಕುಂಚ ನಿಲ್ಲಿಸಲಿಲ್ಲ. "ಮಳಿ ಬಂದ್ರ?" ಎಂದು ಕೇಳಿದಳು.

"ಮಳಿ ಬಂದ್ರೂ ಥಂಡಿ ಹತ್ತೂದಿಲ್ಲ."

ಅವಳು ಕೊಳವೆಯನ್ನು ಅಳಿಸಲಿಲ್ಲ. ಅದಕ್ಕೆ ನೀಲಿ ಹಚ್ಚಿದಳು. ಆಮೇಲೆ ಅದರ ಮೇಲಿನ ತುದಿಗೆ ದನ ನೀರು ಕುಡಿಯುವ ಒಂದು ಬಾನಿ ಬರೆದಳು. ನಂತರದ ವಾರ ಬರೆದ ಚಿತ್ರದಲ್ಲಿ ಗೆರೆಯ ಕೆಳಗೆ ಏನೂ ಇರಲಿಲ್ಲ. ಅಜ್ಜ ಗೆರೆಯ ಮೇಲೆ ಬಂದು ಬಾನಿಯ ಪಕ್ಕ ಎತ್ತಿನೊಡನೆ ನಿಂತಿದ್ದ.

ಮಣ್ಣಿನೊಳಗಿನ ಅಜ್ಜನನ್ನು ಬರೆಯುವುದನ್ನು ನೋಡಿ ಗಾಬರಿಯಾಗುವ ಕಾರಣವಿಲ್ಲ. ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ಮಕ್ಕಳ ಚಿತ್ರಗಳ ಹಂತಗಳನ್ನು ವಿವರಿಸಿದ್ದಾರೆ. ಎರಡರಿಂದ ನಾಲ್ಕು ವರ್ಷದವರೆಗೆ ಗೀಚುವ ಹಂತ. ನಾಲ್ಕರಿಂದ ಏಳರವರೆಗೆ ತಲೆಗೇ ಕೈಕಾಲು ಅಂಟಿಸಿದ ಮನುಷ್ಯರಿಂದ ಶುರುವಾಗಿ ಆಕಾರಗಳನ್ನು ಹುಡುಕುವ ಹಂತ. ಏಳರಿಂದ ಒಂಬತ್ತರವರೆಗೆ ಪ್ರತಿಯೊಂದಕ್ಕೂ ತನ್ನದೇ ಒಂದು ಮಾದರಿ ಇಟ್ಟುಕೊಂಡು, ಕೆಳಗೊಂದು ನೆಲದ ಗೆರೆ ಎಳೆದು ಬರೆಯುವ ಹಂತ. ಈ ಮೂರನೆಯ ಹಂತದ ಹೊತ್ತಿಗೆ ಮಕ್ಕಳು ಕಣ್ಣಿಗೆ ಕಾಣುವುದನ್ನು ಬಿಟ್ಟು ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಗೋಡೆಯಾಚೆಗಿನ ಒಲೆ, ಬಸ್ಸಿನೊಳಗಿನ ಜನ, ಹಸುವಿನ ಹೊಟ್ಟೆಯೊಳಗಿನ ಕರು ಎಲ್ಲವೂ ಎಕ್ಸ್-ರೇ ತೆಗೆದಂತೆ ಕಾಣುತ್ತವೆ. ಕುಣಿಯೊಳಗಿನ ಅಜ್ಜನೂ ಹಾಗೆಯೇ. ಅಜ್ಜ ಮನೆಗಿಂತ ದೊಡ್ಡವನಾಗಿದ್ದರೆ ಅದೂ ಸಹಜ, ಮಗುವಿಗೆ ಮುಖ್ಯವಾದದ್ದು ದೊಡ್ಡದಾಗಿಯೇ ಬರುತ್ತದೆ. ಕಪ್ಪು ಬಣ್ಣ ಹಚ್ಚಿದರೆ ದುಃಖ, ಕೆಂಪು ಹಚ್ಚಿದರೆ ಸಿಟ್ಟು ಎಂದು ಲೆಕ್ಕ ಹಾಕುವುದು ಬೇಡ. ಬಟ್ಟಲಿನಲ್ಲಿ ಉಳಿದದ್ದು ಕಪ್ಪೊಂದೇ ಇರಬಹುದು.

ಈ ವಯಸ್ಸಿನ ಮಗುವಿಗೆ ಮುಖ ಹೋಲುವಂತೆ ಬರೆಯಲು ಬರುವುದಿಲ್ಲ. ಆದ್ದರಿಂದ "ಅಜ್ಜನ ಮುಖ ಬರಿ ನೋಡೋಣ" ಎನ್ನುವುದು ಕೆಲಸ ಕೆಡಿಸುವ ಮಾತು. ಗೋಡೆಯ ಮೇಲಿನ ಫೋಟೊ ಇಳಿಸಿ ಮುಂದಿಟ್ಟು ನಕಲು ಮಾಡಿಸುವುದು ಇನ್ನೂ ಕೆಟ್ಟದ್ದು. ಫೋಟೊದಲ್ಲಿ ಇರುವ ಅಜ್ಜ ಎಂದೋ ರೇಶನ್ ಕಾರ್ಡಿಗೆಂದು ಬಿಗಿದು ಕುಳಿತವನು, ಮಗುವಿನ ಅಜ್ಜ ಅವನಲ್ಲ. ಮಗು ನಾಲ್ಕು ಗೆರೆ ಎಳೆದು "ಬರವಲ್ದು" ಎಂದು ಹಾಳೆ ಮುದುಡುತ್ತದೆ, ಇಲ್ಲವೇ ನಾವು ಬರೆದುಕೊಡುತ್ತೇವೆ. ನಾವು ಬರೆದರೆ ಅದು ನಮ್ಮ ಚಿತ್ರ. ಕೇಳಬೇಕಾದದ್ದು ಬೇರೆ: ಅಜ್ಜ ಏನು ಮಾಡುತ್ತಿದ್ದ? ಕೈಯಲ್ಲಿ ಏನಿರುತ್ತಿತ್ತು? ಎಲ್ಲಿ ಕೂರುತ್ತಿದ್ದ? ನೀನು ಎಲ್ಲಿರುತ್ತಿದ್ದೆ?

ಹೀಗೆ ನೆನೆಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಶಾಲೆಯ ಪ್ರವಾಸದಲ್ಲಿ ಎಲ್ಲರೂ ಹೋಗಿರುತ್ತೇವೆ. ಒಳಗಿನ ಕಮಲದಂತಹ ಮೇಲ್ಚಾವಣಿಯನ್ನು ಕತ್ತೆತ್ತಿ ನೋಡಿ, ಹೊರಗೆ ಬಂದು ಗುಂಪು ಫೋಟೊ ತೆಗೆಸಿಕೊಂಡು ಬಸ್ ಹತ್ತುತ್ತೇವೆ. ಅಲ್ಲೇ ಇರುವ ವೀರಗಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಹೋರಾಡಿ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವ ಪದ್ಧತಿ ಈ ಭಾಗದಲ್ಲೆಲ್ಲ ಇತ್ತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಗಳಿರುತ್ತವೆ. ಕೆಳಗಿನದರಲ್ಲಿ ಸತ್ತವನು ಮಾಡಿದ ಕೆಲಸ: ಕಾಳಗ, ಊರಿನ ದನಗಳನ್ನು ಹೊಡೆದೊಯ್ಯುವವರನ್ನು ತಡೆದದ್ದು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿರುವುದು, ತುದಿಗೆ ಸೂರ್ಯ-ಚಂದ್ರ. ಇದರಲ್ಲಿ ಅವನ ಮುಖ ಹೇಗಿತ್ತು ಎಂಬುದು ನಮಗೆ ತಿಳಿಯುವುದಿಲ್ಲ. ಒಂದು ಕಲ್ಲಿನ ಮುಖವೂ ಇನ್ನೊಂದು ಕಲ್ಲಿನ ಮುಖವೂ ಒಂದೇ ತರಹ. ಕಲ್ಲುಕುಟಿಗ ಉಳಿಸಿದ್ದು ಮುಖವನ್ನಲ್ಲ, ಆ ಮನುಷ್ಯ ಮಾಡಿದ್ದನ್ನು. ಎಂಟುನೂರು ಒಂಬೈನೂರು ವರ್ಷದ ಮೇಲೂ ನಮಗೆ ಅವನು ಅರ್ಥವಾಗುವುದು ಅದರಿಂದಲೇ.

ಶಿಗ್ಗಾವಿ ತಾಲೂಕಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಮುಂದಾಳುತನದಲ್ಲಿ ಆದ ಆ ತೋಟದಲ್ಲಿ ಹಳ್ಳಿಯ ಜನ ಆಳೆತ್ತರದಲ್ಲಿ ನಿಂತಿದ್ದಾರೆ, ಕುಳಿತಿದ್ದಾರೆ. ಅವರಲ್ಲಿ ಸುಮ್ಮನೆ ಮುಂದೆ ನೋಡುತ್ತ ನಿಂತವರು ಕಡಿಮೆ; ಬೀಸುವವರು, ಕುಟ್ಟುವವರು, ದನ ಕಾಯುವವರು, ಕಟ್ಟೆಯ ಮೇಲೆ ಮಾತಿಗೆ ಕುಳಿತವರು. ಅಲ್ಲಿಗೆ ಹೋದ ಮಕ್ಕಳು "ನಮ್ಮ ಆಯಿ ಹಿಂಗ ಕುಂದರತಿದ್ಲು" ಎಂದು ತಾವಾಗಿಯೇ ಹೇಳುತ್ತಾರೆ. ತಿರುಗಿ ಬಂದ ಮೇಲೆ ಪ್ರವಾಸದ ಬಗ್ಗೆ ಹತ್ತು ವಾಕ್ಯ ಬರೆಸುವ ಬದಲು ಆ ಮಾತಿನಿಂದಲೇ ಚಿತ್ರ ಶುರು ಮಾಡಿಸಬಹುದು.

ಮುಖ ಬೇಕಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವನ್ನು ಸವಣೂರಿನಲ್ಲಿ ಅಭ್ಯಾಸ ಬೋಧನೆ ಮಾಡಿದ ನನ್ನ ಸಹಪಾಠಿ ಹೇಳಿದಳು. ಅವಳ ತರಗತಿಯ ಒಬ್ಬ ಹುಡುಗನ ಮನೆಯಲ್ಲಿ ಮನುಷ್ಯರ ಚಿತ್ರ ಬರೆಯುವುದನ್ನು ಒಪ್ಪುವುದಿಲ್ಲ. ಕೆಲವು ಮುಸ್ಲಿಂ ಮನೆಗಳಲ್ಲಿ ಈ ನಿಯಮವಿದೆ, ಕೆಲವು ಮನೆಗಳಲ್ಲಿ ಇಲ್ಲ. ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಆ ಹುಡುಗ ತನ್ನ ದಾದಾನ ನೆನಪಿಗೆ ದಾದಾನ ಸಾಮಾನುಗಳನ್ನು ಬರೆದ: ಒಂದು ಕಡ್ಡಿಗೆ ದಾರ ಕಟ್ಟಿದ ಚಶ್ಮಾ, ಎಲೆ-ಅಡಿಕೆಯ ಡಬ್ಬಿ, ಕ್ಯಾರಿಯರ್ ಇರುವ ಸೈಕಲ್ಲು, ಸೈಕಲ್ಲಿನ ಹಿಂದೆ ಕಲ್ಮಠದ ದೊಡ್ಡಹುಣಸೆ ಮರ. ಸವಣೂರಿನವರಿಗೆ ಆ ಮರದ ದಪ್ಪ ಗೊತ್ತು, ಹಾಳೆಯ ಅರ್ಧ ಅದಕ್ಕೇ ಹೋಯಿತು. ಸಾಮಾನುಗಳ ಚಿತ್ರ ಮನುಷ್ಯನ ಚಿತ್ರಕ್ಕಿಂತ ಕಡಿಮೆಯದಲ್ಲ. ಯಾವ ಮಗುವಿಗಾದರೂ ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಹಿರಿಯರ ಒಂದು ಸಾಮಾನಿನಿಂದ ಶುರು ಮಾಡಿಸಿ. ಕುಡಗೋಲು, ಹಗ್ಗದ ಮಂಚ, ಆಯಿಯ ಕೌದಿ, ಕುಟ್ಟಾಣಿ. ಕೌದಿ ಬಹಳ ಒಳ್ಳೆಯದು, ಅದರ ಒಂದೊಂದು ತುಂಡಿಗೂ ಒಂದು ಬಣ್ಣ ಬೇಕು. ತುಂಡು ತುಂಡಾಗಿ ಬಣ್ಣ ಹಚ್ಚುವಾಗ ಮಾತು ತಾನಾಗಿ ಬರುತ್ತದೆ.

ಇನ್ನು ಬಣ್ಣ. ಪೆಟ್ಟಿಗೆಯ ಬಣ್ಣ ಇದ್ದರೆ ಸರಿ, ಇಲ್ಲದಿದ್ದರೆ ಮನೆಯ ಬಣ್ಣ ಇನ್ನೂ ಒಳ್ಳೆಯದು. ಕೆಮ್ಮಣ್ಣು, ಇದ್ದಿಲು, ಸುಣ್ಣ, ಅರಿಶಿನ ಯಾವ ಹಳ್ಳಿಯಲ್ಲೂ ಸಿಗುತ್ತವೆ. ನಮ್ಮ ಹಾನಗಲ್ಲ, ಹಿರೇಕೆರೂರಿಗೆ ತಾಗಿದ ಸೊರಬದ ಕಡೆ, ಅದರಾಚೆ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು ಬಳಸುತ್ತಾರೆ. ಕುಂಚ ಪುಂಡಿ ನಾರಿನದು. ಪುಂಡಿಪಲ್ಯ ತಿನ್ನುವ ನಮಗೆ ಪುಂಡಿ ನಾರು ಸಿಗದೇ ಇರುತ್ತದೆಯೇ? ಸಿಗದಿದ್ದರೆ ಬೇವಿನ ಕಡ್ಡಿಯ ತುದಿ ಜಜ್ಜಿದರೂ ಆಗುತ್ತದೆ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ನುಣ್ಣಗೆ ಮಾಡಿ ನೀರಿನೊಡನೆ ಸ್ವಲ್ಪ ಜಾಲಿಯ ಅಂಟು ಕರಗಿಸಿ ಕಲಸಬೇಕು. ಅಂಟು ಇಲ್ಲದಿದ್ದರೆ ಒಣಗಿದ ಮೇಲೆ ಬಣ್ಣ ಪುಡಿಯಾಗಿ ಉದುರುತ್ತದೆ. ಹಳೆಯ ಕ್ಯಾಲೆಂಡರಿನ ಹಾಳೆ ನುಣುಪು, ಬಣ್ಣ ಹಿಡಿಯುವುದಿಲ್ಲ. ಒರಟಾದ ಡ್ರಾಯಿಂಗ್ ಶೀಟ್ ಬೇಕು.

ಅರಿಶಿನದ ವಿಷಯ ನಮ್ಮ ವಿಜ್ಞಾನದವರಿಗೆ ಗೊತ್ತಿರುವುದೇ. ಅದರಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲದಲ್ಲಿ ಕೆಂಪಗಾಗುತ್ತದೆ. ಅರಿಶಿನ ಹಚ್ಚಿದ ಹಾಳೆಯ ಮೇಲೆ ಸುಣ್ಣದ ತಿಳಿನೀರು ಎಳೆದರೆ ಆಯಿಯ ಎಲೆ-ಅಡಿಕೆಯ ಬಾಯಿಯ ಕೆಂಪು ಬರುತ್ತದೆ. ಮಕ್ಕಳು ಅದನ್ನು ನೋಡಿ ಕುಣಿಯುತ್ತಾರೆ. ಆದರೆ ಸುಣ್ಣವನ್ನು ಮಗುವಿನ ಕೈಗೆ ಕೊಡಬೇಡಿ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ತಿಳಿನೀರನ್ನು ನಾವೇ ಮಾಡಿ, ಆ ಗೆರೆಯನ್ನು ನಾವೇ ಎಳೆಯಬೇಕು. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್, ಇದ್ದಿಲು ಇಂಗಾಲ, ಇವೆರಡೂ ಮಾಸುವುದಿಲ್ಲ. ಆದ್ದರಿಂದ ಉಳಿಯಬೇಕಾದ ಗೆರೆಗಳನ್ನು ಇದ್ದಿಲಲ್ಲಿ, ಕೆಮ್ಮಣ್ಣಿನಲ್ಲಿ ಎಳೆಸುವುದು ಮೇಲು. ಅರಿಶಿನ ತುಂಬಲಿಕ್ಕೆ ಇರಲಿ.

ಸುಣ್ಣದಿಂದ ಕೆಂಪಾದ ಅರಿಶಿನಕ್ಕೆ ಹುಣಸೆ ನೀರು ಹಚ್ಚಿದರೆ ಮತ್ತೆ ಹಳದಿಯಾಗುತ್ತದೆ. ಏಳನೆಯ ತರಗತಿಯಲ್ಲಿ ಮರಳಿ ಪಡೆಯಬಹುದಾದ ಬದಲಾವಣೆ, ಪಡೆಯಲಾಗದ ಬದಲಾವಣೆ ಎಂದು ಪಾಠ ಮಾಡುವ ನಮಗೆ ಇದನ್ನೇ ಸಾವಿಗೆ ಹೋಲಿಸಿ ಹೇಳುವ ಆಸೆಯಾಗಬಹುದು. ಸಮೂಹ ಚರ್ಚೆಯಲ್ಲಿ ಈ ಸಲಹೆ ಬಂದಿತ್ತು. ನನಗೆ ಒಪ್ಪಿಗೆಯಿಲ್ಲ. ಆರು ವರ್ಷದ ಮಗು ಹೋಲಿಕೆಯನ್ನು ಹೋಲಿಕೆಯೆಂದು ತೆಗೆದುಕೊಳ್ಳುವುದಿಲ್ಲ. ಅಜ್ಜನಿಗೆ ಯಾವ ಹುಣಸೆ ನೀರು ಹಾಕಬೇಕೆಂದು ಕೇಳುತ್ತದೆ. ಬಣ್ಣದಲ್ಲಿ ಬಣ್ಣದ ಆಟ ಇರಲಿ.

ಇದೇ ಕಾರಣಕ್ಕೆ ಮಾತಿನಲ್ಲೂ ಎಚ್ಚರ ಬೇಕು. ಮನೆಯವರು ಪ್ರೀತಿಯಿಂದಲೇ "ಅಜ್ಜ ಮಲಗ್ಯಾನ" ಎನ್ನುತ್ತಾರೆ, ಮಗು ರಾತ್ರಿ ಮಲಗಲು ಹೆದರುತ್ತದೆ. "ಊರಿಗೆ ಹೋಗ್ಯಾನ" ಎನ್ನುತ್ತಾರೆ, ಮಗು ಬಸ್ಸು ಬರುವ ಹೊತ್ತಿಗೆ ಅಗಸಿ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಹೇಳದೆ ಹೋದ ಅಜ್ಜನ ಮೇಲೆ ಸಿಟ್ಟಾಗುತ್ತದೆ. 'ಸತ್ತರು' ಎಂಬ ಮಾತು ಕಿವಿಗೆ ಬಿರುಸು, ಆದರೆ ಅದಕ್ಕೆ ಇನ್ನೊಂದು ಅರ್ಥವಿಲ್ಲ. ಮೈ ಏನಾಯಿತು ಎಂಬುದನ್ನು ನಾವು ನೇರವಾಗಿ ಹೇಳಬಹುದು. ಜೀವ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅದು ಮನೆಯವರ ನಂಬಿಕೆಯ ವಿಷಯ. ಶಿವನ ಪಾದ ಸೇರಿದರು ಎನ್ನುವ ಮನೆ ಇದೆ, ಅಲ್ಲಾಹನ ಕಡೆಗೆ ಹೋದರು ಎನ್ನುವ ಮನೆ ಇದೆ. "ನಿಮ್ಮ ಮನ್ಯಾಗ ಏನಂತಾರ?" ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡರೆ ಸಾಕು. ಮಗು ಆ ಮಾತನ್ನೇ ಚಿತ್ರಕ್ಕೆ ಸೇರಿಸಿದರೆ, ಮೇಲೆ ಒಂದು ಮೋಡ, ಮೋಡದಲ್ಲಿ ಒಂದು ಕುರ್ಚಿ, ಅದನ್ನು ತಿದ್ದುವ ಅಧಿಕಾರ ನಮಗಿಲ್ಲ.

ಪಕ್ಕದಲ್ಲಿ ಕುಳಿತು ಬಣ್ಣ ಹಚ್ಚುವುದಕ್ಕೂ ಎದುರು ನಿಂತು ಪ್ರಶ್ನೆ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎದುರು ನಿಂತರೆ ಅದು ಪರೀಕ್ಷೆಯಾಗುತ್ತದೆ. ನಮ್ಮ ಹಾಳೆಯಲ್ಲಿ ನಾವೂ ಏನಾದರೂ ಬರೆಯುತ್ತಿರಬೇಕು, ಮಗುವಿಗಿಂತ ಚೆಂದ ಬರೆಯಬಾರದು. "ಚಂದ ಬರದೀದಿ" ಎನ್ನುವುದನ್ನೂ ಕಡಿಮೆ ಮಾಡಿದರೆ ಒಳ್ಳೆಯದು. ಹೊಗಳಿಕೆ ಬಂತೆಂದರೆ ಮಗು ಹೊಗಳಿಕೆಗಾಗಿ ಬರೆಯುತ್ತದೆ, ಮರುದಿನ ಎಲ್ಲ ಅಜ್ಜಂದಿರೂ ಗುಲಾಬಿ ಹೂವಿನ ನಡುವೆ ನಿಂತಿರುತ್ತಾರೆ. ಮಗು ಅತ್ತರೆ ಅಳಲಿ. ಮಧ್ಯದಲ್ಲಿ ಎದ್ದು ಕುಂಟಾಬಿಲ್ಲೆ ಆಡಲು ಹೋದರೆ ಹೋಗಲಿ. ಚಿಕ್ಕವರ ದುಃಖ ಬಿಟ್ಟುಬಿಟ್ಟು ಬರುತ್ತದೆ. ಆಡಿ ಬಂದು ಮತ್ತೆ ಕುಂಚ ಹಿಡಿಯುತ್ತಾರೆ. ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ಬರೆಯಲು ಮನಸ್ಸಿಲ್ಲದ ಮಗುವನ್ನು ಬಿಟ್ಟುಬಿಡಬೇಕು.

ಮನೆಯವರಿಗೆ ತಿಳಿಸದೆ ಇದನ್ನು ಮಾಡಬಾರದು. ನಾನು ಹೇಳಿದ ಹುಡುಗಿಯ ತಾಯಿಗೆ ವರ್ಗದ ಗುರುಗಳ ಮೂಲಕ ಹೇಳಿಕಳುಹಿಸಿದಾಗ ಅವರು ಮೊದಲು ಬೇಡವೆಂದರು: "ನೆನಪ ಮಾಡಿದ್ರ ಕೂಸು ಅಳತೈತ್ರೀ, ಮರೀಲಿ ಬಿಡ್ರೀ." ಅವರ ಮಾತಿನಲ್ಲಿ ತಪ್ಪೇನಿಲ್ಲ, ತಮ್ಮ ಮಾವನನ್ನು ಕಳೆದುಕೊಂಡ ಮನೆಯ ದುಡಿತ ಪೂರಾ ಅವರ ಮೇಲೆ ಬಿದ್ದಿತ್ತು. ಗುರುಗಳು ಕೊಳವೆಯ ಚಿತ್ರವನ್ನು ಅವರಿಗೆ ತೋರಿಸಿದರು. ಅವರು ಬಹಳ ಹೊತ್ತು ಅದನ್ನು ಹಿಡಿದುಕೊಂಡು ಕುಳಿತು, ಆಮೇಲೆ "ಬರೀಲಿ ಬಿಡ್ರೀ" ಎಂದರಂತೆ. ನಾನು ಬಣ್ಣದ ಬಟ್ಟಲು ತೆಗೆದುಕೊಂಡು ಹೋದದ್ದು ಅದಾದ ಮೇಲೆ.

ಒಂದು ಮಾತು ಶಾಲೆಯ ಮಿತಿಯ ಬಗ್ಗೆ. ಚಿತ್ರ ಬರೆಸುವುದು ಚಿಕಿತ್ಸೆಯಲ್ಲ, ನಾವು ಚಿಕಿತ್ಸಕರಲ್ಲ. ವಾರಗಟ್ಟಲೆ ಮಗು ಸರಿಯಾಗಿ ಉಣ್ಣದಿದ್ದರೆ, ನಿದ್ದೆ ಮಾಡದಿದ್ದರೆ, ಯಾರೊಡನೆಯೂ ಸೇರದಿದ್ದರೆ, "ನಾನೂ ಅಜ್ಜನ ಕಡೆ ಹೋಗ್ತೀನಿ" ಎಂದು ಮತ್ತೆ ಮತ್ತೆ ಹೇಳಿದರೆ ಮುಖ್ಯೋಪಾಧ್ಯಾಯರಿಗೂ ಮನೆಯವರಿಗೂ ಕೂಡಲೇ ತಿಳಿಸಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮಕ್ಕಳ ಸಹಾಯವಾಣಿ 1098 ಇದೆ, ನಮಗೆ ಹತ್ತಿರದ ದೊಡ್ಡ ಸಂಸ್ಥೆ ಧಾರವಾಡದ ಡಿಮ್ಹಾನ್ಸ್.

ಬರೆದ ಚಿತ್ರವನ್ನು ಏನು ಮಾಡಬೇಕು? ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಕೆಲಸವನ್ನು ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ ಇರುತ್ತದೆ. ಬೇರೆ ಚಿತ್ರಗಳಂತೆ ಇದನ್ನೂ ತೆಗೆದುಕೊಂಡು ಕಟ್ಟಿಬಿಡುವುದು ಸುಲಭ. ಆದರೆ ಕಟ್ಟಬೇಕೋ ಬೇಡವೋ ಎಂಬುದನ್ನು ಮಗುವನ್ನೇ ಕೇಳಬೇಕು. ಕೆಲವರು ಎಲ್ಲರಿಗೂ ಕಾಣುವಂತೆ ಕಟ್ಟು ಎನ್ನುತ್ತಾರೆ, ಕೆಲವರು ಚೀಲದೊಳಗೆ ಮಡಚಿ ಇಟ್ಟುಕೊಳ್ಳುತ್ತಾರೆ. ಮಹಾಲಯ ಅಮಾವಾಸ್ಯೆಗೋ ದೀಪಾವಳಿಗೋ ಹಿರಿಯರ ಪೂಜೆ ಮಾಡುವ ಮನೆಗಳಲ್ಲಿ ಫೋಟೊದ ಪಕ್ಕ ಇದನ್ನು ಇಟ್ಟದ್ದೂ ಇದೆ. ನಮ್ಮ ಅಭ್ಯಾಸ ಬೋಧನೆಯ ಫೈಲಿಗೆ ಅಂಟಿಸಲು ಮಾತ್ರ ಕೇಳಬಾರದು.

ಚಿತ್ರದ ಮೇಲೆ ಮಗುವಿನ ಹೆಸರು ಇರಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಸಿಯೆನ್‌ಸ್ಟಾಟ್ ಎಂಬಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸಿದರು. ಪ್ರತಿ ಹಾಳೆಯ ಮೇಲೂ ಮಕ್ಕಳು ತಮ್ಮ ಹೆಸರು ಬರೆಯಬೇಕೆಂದು ಅವರು ಹೇಳುತ್ತಿದ್ದರು. 1944ರಲ್ಲಿ ಅವರನ್ನು ಆಶ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಆ ಮಕ್ಕಳಲ್ಲೂ ಬಹುಪಾಲು ಉಳಿಯಲಿಲ್ಲ. ಸುಮಾರು 4,500 ಚಿತ್ರಗಳು ಸೂಟ್‌ಕೇಸುಗಳಲ್ಲಿ ಉಳಿದು ಈಗ ಪ್ರಾಗ್ ನಗರದ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಎಷ್ಟೋ ಮಕ್ಕಳು ಇಂದಿಗೂ ಗೊತ್ತಾಗುವುದು ಹಾಳೆಯ ಮೂಲೆಯ ಆ ಹೆಸರಿನಿಂದ.

ಹಾಳೆಯ ಹಿಂಬದಿಗೆ ತಾರೀಖು ಹಾಕಿ, ಮಗು ಚಿತ್ರದ ಬಗ್ಗೆ ಹೇಳಿದ ಒಂದೆರಡು ಮಾತನ್ನು ಅದು ಹೇಳಿದ ಹಾಗೆಯೇ ಬರೆಯಬೇಕು. ಪುಸ್ತಕದ ಕನ್ನಡಕ್ಕೆ ತಿದ್ದುವುದು ಬೇಡ. ಸವಣೂರಿನ ಆ ಹುಡುಗನ ಸೈಕಲ್ಲಿನ ಚಿತ್ರದ ಹಿಂದೆ ನನ್ನ ಸಹಪಾಠಿ ಬರೆದುಕೊಟ್ಟದ್ದು ಇದು: "ದಾದಾನ ಸೈಕಲ್. ಹಿಂದ ನಾ ಕುಂತೇನಿ. ಕಾಣಂಗಿಲ್ಲ."